ಎದುರಂಗಡಿಯಲ್ಲಿ ಕೊಟ್ಟ ಅಳತೆ

“ನಿಮ್ಮ ಅಳತೆ ವಿಷಯದಲ್ಲಿ ಇನ್ನು ಯಾವತ್ತೂ ಸುಳ್ಳು ಹೇಳಲ್ಲ ಮೇಡಂ. ಇದು ನನ್ನ ಮಾತು.”

ಎಷ್ಟೋ ವರ್ಷಗಳ ಹಿಂದೆ, ಕತ್ತರಿ ಹಿಡಿದ ಕೈಯನ್ನೇ ಎದೆಯ ಮೇಲಿಟ್ಟುಕೊಂಡು ಒಬ್ಬ ಟೈಲರ್ ಈ ಮಾತು ಕೊಟ್ಟಿದ್ದ. ಎದುರಿಗೆ ನಿಂತಿದ್ದವಳ ಕಣ್ಣು ಕೆಂಡವಾಗಿತ್ತು.

ಆಗದೆ ಇನ್ನೇನು? ಅವತ್ತು ಬೆಳಿಗ್ಗೆ ಅವಳಿಗೆ ಜೀವನದ ಮೊದಲ ಸಂದರ್ಶನ. ಮೈಮೇಲೆ ಅವನು ಹೊಲಿದುಕೊಟ್ಟ ಹೊಸ ಕೋಟು. ನಿಂತರೆ ಸೊಗಸು, ಕೂತರೆ ಉಸಿರು ಸಿಕ್ಕಿಕೊಳ್ಳುತ್ತದೆ! ಅಧಿಕಾರಿ ಕೈಕುಲುಕಲು ಕೈ ಮುಂದೆ ಮಾಡಿದರು, ಇವಳೂ ತೋಳು ಚಾಚಿದಳು... ಪರ್ರ್! ಕಂಕುಳಲ್ಲಿ ಹೊಲಿಗೆ ಬಾಯಿಬಿಟ್ಟಿತು.

“ಹಾಕಿ ನೋಡಿದಾಗಲೇ ಬಿಗಿ ಅಂತ ಹೇಳಿದ್ದೆ ತಾನೆ? ‘ಇಲ್ಲ ಮೇಡಂ, ಸರಿಯಾಗಿ ಕೂತಿದೆ’ ಅಂದ್ರಿ!”

ಅವನು ತಲೆ ತಗ್ಗಿಸಿದ. “ಅಳತೆ ತೆಗೆಯುವಾಗ ನಾಚಿಕೆ ಆಯ್ತು. ಟೇಪು ಸರಿಯಾಗಿ ಸುತ್ತಲಿಲ್ಲ. ಕಣ್ಣಂದಾಜಲ್ಲಿ ಕತ್ತರಿಸಿಬಿಟ್ಟೆ. ಆಮೇಲೆ ಒಪ್ಪಿಕೊಳ್ಳೋಕೆ ಧೈರ್ಯ ಬರಲಿಲ್ಲ.”

“ಹೆಂಗಸರ ಬಟ್ಟೆ ಹೊಲಿಯೋ ಟೈಲರ್‌ಗೆ ನಾಚಿಕೆನಾ?”

“ಎಲ್ಲರ ಹತ್ತಿರ ಆಗಲ್ಲ ಮೇಡಂ...”

ಆ ಒಂದು ಮಾತಿಗೆ ಅವಳ ಕೋಪದ ಗಾಳಿ ಅರ್ಧ ಇಳಿಯಿತು. ಆದರೂ ಸುಮ್ಮನೆ ಬಿಡಲಿಲ್ಲ. ಮಾತು ತೆಗೆದುಕೊಂಡೇ ಅಂಗಡಿಯ ಮೆಟ್ಟಿಲಿಳಿದಳು.

ಕೆಲಸ ಸಿಗಲಿಲ್ಲ. ಟೈಲರ್ ಸಿಕ್ಕ.

ಆ ಅಂಗಡಿ ಈಗಲೂ ಅದೇ ಬೀದಿಯಲ್ಲಿದೆ. ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಕಡಿದಾದ ಮೆಟ್ಟಿಲು. ಕತ್ತರಿಸುವುದು, ಮೆಷಿನ್ ತುಳಿಯುವುದು ಅವನ ಪಾಲು. ಕಾಜ, ಗುಂಡಿ, ಅಂಚು ಮಡಿಸುವ ಕೈಹೊಲಿಗೆ ಅವಳ ಪಾಲು. ಗಿರಾಕಿಗಳ ಜೊತೆ ಮಾತೂ ಅವಳದೇ. ‘ಇನ್ನೂ ಆಗಿಲ್ಲ, ನಾಳೆ ಬನ್ನಿ’ ಅನ್ನುವುದನ್ನು ಮುಖ ನೋಡಿ ಹೇಳಲು ಅವನಿಗೆ ಇವತ್ತಿಗೂ ಬರುವುದಿಲ್ಲ.

ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಅವನ ಬಾಯಲ್ಲಿ ಹೆಂಡತಿ ಇನ್ನೂ ‘ಮೇಡಂ’. ಅವಳು ಮಾಮೂಲಾಗಿ ‘ರೀ’ ಅನ್ನುತ್ತಾಳೆ. ಕೋಪ ಬಂದರೆ, ಇಲ್ಲವೇ ಪ್ರೀತಿ ಉಕ್ಕಿದರೆ, ‘ಟೈಲರ್ರೇ’. ಎರಡರಲ್ಲಿ ಯಾವುದು ಎಂದು ಅವನು ಧ್ವನಿಯಲ್ಲೇ ಹಿಡಿಯಬೇಕು!

ಕೊಟ್ಟ ಮಾತನ್ನು ಅವನು ಮರೆತಿರಲಿಲ್ಲ. ಅವಳಿಗೆ ಹೊಸ ಬಟ್ಟೆ ಹೊಲಿಯುವಾಗಲೆಲ್ಲ ಟೇಪು ಸುತ್ತಿ, ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಿದ್ದ. ಬಸುರಿಯಾಗಿದ್ದಾಗ “ಮೇಡಂ, ಟೇಪು ಸಾಲದು, ಹಗ್ಗ ತರ್ತೀನಿ” ಎಂದು ನಗಿಸಿದ್ದ. ಅವಳ ಮಟ್ಟಿಗೆ ಅದು ಬರೀ ಅಳತೆಯಲ್ಲ. ಬೇರೆ ಗಂಡಂದಿರು ಹೂ ತರುತ್ತಾರೆ. ಇವನು ಟೇಪು ತರುತ್ತಿದ್ದ... ಅಷ್ಟೇ.

ಹೀಗಿರುವಾಗ ಅವಳ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು.

ತಿಂಗಳು ತಿಂಗಳೂ ರಕ್ತ ಹೋಗಿ ಹೋಗಿ ಅವಳು ತೊಳೆದ ಅರಿವೆಯಂತೆ ಬಿಳಿಚಿಕೊಂಡಿದ್ದಳು. ಮಾತ್ರೆ ನಾಟಲಿಲ್ಲ. ಕೊನೆಗೆ ಡಾಕ್ಟರಮ್ಮ ಆಪರೇಷನ್ ಅಂದರು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಯಬೇಕಾಯಿತು.

ರಕ್ತ ನಿಂತಿತು. ಮುಖಕ್ಕೆ ಬಣ್ಣ ಬಂತು. ‘ಅಬ್ಬಾ, ಬದುಕಿದೆ!’ ಅನ್ನಿಸಿದ್ದೂ ನಿಜ. ಆದರೆ ಮೈ ಮಾತ್ರ ಬೇರೆ ಯಾರದೋ ಆದಂತಿತ್ತು. ಇದ್ದಕ್ಕಿದ್ದ ಹಾಗೆ ಕುತ್ತಿಗೆಯಿಂದ ಬಿಸಿ ಏರಿ ಬೆವರು ಕಿತ್ತುಕೊಂಡು ಬರುವುದು. ನಿದ್ದೆ ಹತ್ತದಿರುವುದು. ತಿನ್ನುವುದು ಅಷ್ಟೇ ಇದ್ದರೂ ಹೊಟ್ಟೆ, ಸೊಂಟ ತಮ್ಮ ಪಾಡಿಗೆ ತಾವು ಬೆಳೆಯುವುದು...

“ಹಾರ್ಮೋನ್ ಕಮ್ಮಿ ಆಗಿದೆಯಲ್ಲ, ಸ್ನಾಯು ಕರಗುತ್ತೆ, ಕೊಬ್ಬು ಸೇರುತ್ತೆ. ನಿಮ್ಮ ತಪ್ಪಲ್ಲ ಅದು,” ಅಂದಿದ್ದರು ಡಾಕ್ಟರಮ್ಮ. “ಗಾಯ ಪೂರ್ತಿ ಮಾಗೋವರೆಗೆ ಭಾರ ಎತ್ತಬೇಡಿ. ಆಮೇಲೆ ದಿನಾ ನಡೀರಿ. ನಿಧಾನಕ್ಕೆ ಶುರು ಮಾಡಿ, ಆದ್ರೆ ನಿಲ್ಲಿಸಬೇಡಿ.”

ಒಂದು ಬೆಳಿಗ್ಗೆ ಬೂದುಬಣ್ಣದ ಪ್ಯಾಂಟಿನ ಗುಂಡಿ ಹಾಕಲು ಹೋದಳು. ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಜಾಗ! ಉಸಿರು ಹಿಡಿದಳು. ಹೊಟ್ಟೆ ಎಳೆದುಕೊಂಡಳು. ಊಹೂಂ.

ಬಚ್ಚಲುಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

‘ಒಳಗಿದ್ದಿದ್ದನ್ನ ತೆಗೆದುಹಾಕಿದ್ರು. ಹೊರಗಿದ್ದಿದ್ದೂ ಹೋಯ್ತು. ಇನ್ನು ನಾನು ಅಂತ ಉಳಿದಿರೋದೇನು?’

ಅವತ್ತಿನಿಂದಲೇ ಹಟ ಹಿಡಿದು ನಡೆಯಲು ಶುರು ಮಾಡಿದಳು. ಬೀದಿಯ ಕೊನೆಯಿಂದ ನೀರಿನ ಟ್ಯಾಂಕಿನ ಏರು ರಸ್ತೆಯವರೆಗೆ, ಬೆಳಗಿನ ಹೊತ್ತು. ಹಾಗೆ ಒಂದು ವಾರ ಕಳೆಯಿತೋ ಇಲ್ಲವೋ... ಅದೇ ಬೂದು ಪ್ಯಾಂಟಿನ ಗುಂಡಿ ಸಲೀಸಾಗಿ ಬಿತ್ತು!

“ರೀ! ನೋಡ್ರೀ ಇಲ್ಲಿ!” ಮೆಟ್ಟಿಲ ಮೇಲಿಂದ ಕೂಗಿದಳು. “ಇಳೀತಿದೆ ಕಣ್ರೀ!”

ಅವನು ಮೆಷಿನ್‌ನಿಂದ ತಲೆಯೆತ್ತಿ ನೋಡಿದ. “ಹೂಂ, ಚೆನ್ನಾಗಿ ಕೂತಿದೆ,” ಅಂದು ಮತ್ತೆ ತಲೆ ತಗ್ಗಿಸಿದ.

ಮನೆಯಲ್ಲಿ ತೂಕದ ಯಂತ್ರವಿರಲಿಲ್ಲ. ಟೈಲರ್ ಮನೆಗೆ ಅದೇಕೆ? ಬಟ್ಟೆಯೇ ಅವಳ ತಕ್ಕಡಿ. ಒಂದೊಂದು ಅಂಗಿಯೂ ಹಿಡಿಸುತ್ತಿತ್ತು, ಒಂದೊಂದು ಪ್ಯಾಂಟೂ ಹಿಡಿಸುತ್ತಿತ್ತು. ಅಷ್ಟರಲ್ಲಿ ಶಾಲೆಗಳ ಯೂನಿಫಾರ್ಮ್ ಕಾಲ ಬಂತು. ಅಂಗಡಿ ತುಂಬ ನೀಲಿ ಬಟ್ಟೆಯ ರಾಶಿ. ನಡೆಯುವುದು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ಕೂತಲ್ಲೇ ಕಾಜ, ಕೂತಲ್ಲೇ ಚಹಾ, ಚಹಾದ ಜೊತೆ ಬಿಸ್ಕತ್ತು.

‘ಬಟ್ಟೆ ಹಿಡಿಸ್ತಿದೆ ತಾನೆ? ಪರವಾಗಿಲ್ಲ ಬಿಡು...’

ಆದರೆ ಒಂದು ವಿಷಯ ಮಾತ್ರ ಅವಳೊಳಗೆ ಮುರಿದ ಸೂಜಿಯ ಹಾಗೆ ಚುಚ್ಚುತ್ತಿತ್ತು. ಆಪರೇಷನ್ ಆದಮೇಲೆ ಅವನು ಅವಳ ಮೈಗೆ ಟೇಪು ಹಿಡಿದೇ ಇರಲಿಲ್ಲ. ಹೊಸ ಅಂಗಿಯೊಂದನ್ನು ಹೊಲಿದ, ಅಳತೆ ತೆಗೆಯದೆ!

“ಟೇಪು ಬೇಡ್ವಾ ರೀ?”

“ನಿನ್ನ ಅಳತೆ ನನಗೆ ಬಾಯಿಪಾಠ ಅಲ್ವಾ ಮೇಡಂ...” ಅಂದಿದ್ದ, ಕಣ್ಣು ತಪ್ಪಿಸಿ.

ಟೇಪು ಇರಲಿ, ಕೈಯೂ ತಾಗುತ್ತಿರಲಿಲ್ಲ. ಮಂಚದ ಅಂಚಿಗೆ ಸರಿದು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮಧ್ಯೆ ಇನ್ನೊಬ್ಬರು ಮಲಗುವಷ್ಟು ಜಾಗ.

ಅವಳು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬಂದೀತೋ ಎಂಬ ಭಯ...

ತಪಾಸಣೆಯ ದಿನ ಬಂತು. ತೂಕ ನೋಡಿದ ನರ್ಸು ಅಂಕಿಯನ್ನು ಹೇಳಿದಳು. ಇವಳು ನಕ್ಕುಬಿಟ್ಟಳು.

“ನಿಮ್ಮ ಯಂತ್ರ ಕೆಟ್ಟಿದೆ ನೋಡಿ ಸಿಸ್ಟರ್.”

ನರ್ಸು ತಾನೇ ಹತ್ತಿ ತೋರಿಸಿದಳು. ಯಂತ್ರ ಕೆಟ್ಟಿರಲಿಲ್ಲ.

ಒಳಗೆ ಡಾಕ್ಟರಮ್ಮ ರಕ್ತಪರೀಕ್ಷೆಯ ವರದಿ ನೋಡಿ ಕನ್ನಡಕ ತೆಗೆದಿಟ್ಟರು. “ಸಕ್ಕರೆ ಗೆರೆ ಹತ್ತಿರ ಬಂದು ನಿಂತಿದೆ. ಇನ್ನೊಂಚೂರು ಮೇಲೆ ಹೋದ್ರೆ ಸಕ್ಕರೆ ಕಾಯಿಲೆನೇ. ಮೂರು ತಿಂಗಳು ಟೈಮ್ ಕೊಡ್ತೀನಿ. ಇಳೀದಿದ್ರೆ ಮಾತ್ರೆ ಶುರು ಮಾಡೋಣ. ನಡೀತಿದ್ದೀರಾ?”

“ಮೊದಲು ನಡೀತಿದ್ದೆ... ಆದ್ರೆ ಡಾಕ್ಟರಮ್ಮ, ನನ್ನ ಬಟ್ಟೆ ಎಲ್ಲ ಸರಿಯಾಗೇ ಹಿಡಿಸ್ತಿದೆಯಲ್ಲ! ಹಳೇ ಪ್ಯಾಂಟೇ ಇದು!”

ಡಾಕ್ಟರಮ್ಮ ಅವಳ ಪ್ಯಾಂಟನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು.

“ಬಟ್ಟೆ ಯಾರು ಹೊಲಿಯೋದು?”

“ನಮ್ಮ ಮನೆಯವರು...”

ಹೇಳುತ್ತಿದ್ದ ಹಾಗೆ ಅವಳ ಕೈ ತಾನಾಗಿ ಪ್ಯಾಂಟಿನ ಸೊಂಟಪಟ್ಟಿಗೆ ಹೋಯಿತು.

ಮನೆಗೆ ಬಂದವಳೇ ಕಪಾಟು ತೆರೆದಳು. ಬೂದು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಕೈಹೊಲಿಗೆಯಲ್ಲೇ ಕಣ್ಣು ಸವೆಸಿದವಳಿಗೆ ಇನ್ನು ಯಾರೂ ಏನೂ ಹೇಳಬೇಕಿರಲಿಲ್ಲ. ಹಳೆಯ ಹೊಲಿಗೆ ಇದ್ದ ಜಾಗದಲ್ಲಿ ಸಣ್ಣ ಸಣ್ಣ ಸೂಜಿತೂತುಗಳ ಸಾಲು. ಇಸ್ತ್ರಿ ಒತ್ತಿ ಒತ್ತಿ ಮುಚ್ಚಿದ್ದರೂ ಕಾಣುತ್ತಿತ್ತು. ಅದರಾಚೆ ಇನ್ನೊಂದು ಸಾಲು. ಅದಕ್ಕೂ ಆಚೆ, ಅಂಚಿಗೆ ಅಂಟಿಕೊಂಡಂತೆ, ಈಗಿನ ಹೊಲಿಗೆ. ಎರಡೆರಡು ಸಲ ಬಿಚ್ಚಿ ಅಗಲ ಮಾಡಿದ್ದಾನೆ! ದಾರದ ಬಣ್ಣ ಕೂಡ ಒಂದಿಷ್ಟೂ ಆಚೀಚೆಯಾಗಿಲ್ಲ.

ಅಂಗಿಗಳನ್ನು ತೆಗೆದಳು. ಎಲ್ಲವೂ ಹಾಗೇ. ಒಂದೂ ಬಿಟ್ಟಿಲ್ಲ.

ತೋಳ ತುಂಬ ಬಟ್ಟೆ ಹೊತ್ತು ಮೆಟ್ಟಿಲಿಳಿದು ಬಂದು, ಅವನು ಕತ್ತರಿಸುವ ಮೇಜಿನ ಮೇಲೆ ಸುರಿದಳು.

“ಟೈಲರ್ರೇ!”

ಯಾವ ಧ್ವನಿ ಎಂದು ಅವನಿಗೆ ತಕ್ಷಣ ತಿಳಿಯಿತು. ಬಟ್ಟೆಯ ರಾಶಿ ನೋಡಿದ. ಕತ್ತರಿ ಕೆಳಗಿಟ್ಟ.

“ಯಾವಾಗಿಂದ?”

“ಅದು... ನೀನು ಅವತ್ತು ನಲ್ಲಿ ಬಿಟ್ಟುಕೊಂಡು...”

“ಅಳೋದು ಕೇಳಿಸ್ತಾ? ಕೇಳಿಸಿಕೊಂಡು ಬಂದು ಪ್ಯಾಂಟಿನ ಹೊಲಿಗೆ ಬಿಚ್ಚಿದ್ರಾ? ನಾನು ಹುಚ್ಚಿ ಥರ ‘ಇಳೀತಿದೆ, ಇಳೀತಿದೆ’ ಅಂತ ಕುಣಿದಾಗ ‘ಚೆನ್ನಾಗಿ ಕೂತಿದೆ’ ಅಂದ್ರಲ್ಲ! ಒಳಗೊಳಗೆ ನಗು ಬಂತಾ?”

“ಇಲ್ಲ ಕಣೆ! ನೀನು ಖುಷಿಯಾಗಿದ್ದೆ... ಬಟ್ಟೆದೇನು ಬಿಡು, ಎಷ್ಟು ಬೇಕಾದ್ರೂ ದೊಡ್ಡದು ಮಾಡಬಹುದು...”

ಇದಕ್ಕಿಂತ ಕೆಟ್ಟ ಮಾತನ್ನು ಅವನು ಹುಡುಕಿದರೂ ಸಿಗುತ್ತಿರಲಿಲ್ಲ!

“ಹೌದು, ಬಟ್ಟೆ ದೊಡ್ಡದು ಮಾಡಿದ್ರೆ ಆಯ್ತು. ಹೆಂಡತೀನ ಮುಟ್ಟೋದು ಮಾತ್ರ ಆಗಲ್ಲ, ಅಲ್ವಾ? ಟೇಪು ಹಿಡಿಯೋಕೂ ಅಸಹ್ಯ ಆದ್ರೆ ಹೇಳಿಬಿಡ್ರೀ. ಅಳತೆ ವಿಷಯದಲ್ಲಿ ಸುಳ್ಳು ಹೇಳಲ್ಲ ಅಂದಿದ್ದು ಯಾರು?”

ಅವನು ಬಾಯಿ ತೆರೆದ. ಅದೇ ಹೊತ್ತಿಗೆ ಬಾಗಿಲಲ್ಲಿ ಗಿರಾಕಿಯೊಬ್ಬರು ಪೊಟ್ಟಣ ಹಿಡಿದು ನಿಂತರು. “ಬರಬಹುದಾ?”

ಅವನು ಬಾಯಿಗೆ ಬಂದ ಮಾತು ಬಿಟ್ಟು ಪೊಟ್ಟಣಕ್ಕೆ ಕೈ ಚಾಚಿದ.

ಅವಳು ಕಣ್ಣೊರೆಸಿಕೊಂಡಳು. ಚಪ್ಪಲಿ ಮೆಟ್ಟಿದಳು. ಅಂಗಡಿಯ ಮೆಟ್ಟಿಲಿಳಿದು, ಬೀದಿ ದಾಟಿ, ನೆಟ್ಟಗೆ ಎದುರಂಗಡಿಗೆ ಹೋದಳು.

ಎದುರಂಗಡಿ ಕೂಡ ಟೈಲರಿಂಗ್ ಅಂಗಡಿಯೇ! ಅದನ್ನು ನಡೆಸುವ ಅಕ್ಕ ಈ ಬೀದಿಯಲ್ಲಿ ಅವಳ ಗಂಡನಿಗಿದ್ದ ಏಕೈಕ ಪೈಪೋಟಿ. ಗಿರಾಕಿ ತಪ್ಪಿದ ದಿನವೆಲ್ಲ ಇಬ್ಬರೂ ಗಾಜಿನ ಹಿಂದಿನಿಂದ ಒಬ್ಬರನ್ನೊಬ್ಬರು ಗುರಾಯಿಸುವುದು ವರ್ಷಗಳ ಅಭ್ಯಾಸ.

“ಏನಮ್ಮ, ದಾರಿ ತಪ್ಪಿತಾ?” ಎದುರಂಗಡಿ ಅಕ್ಕ ಕನ್ನಡಕದ ಮೇಲಿಂದ ನೋಡಿದಳು.

“ಎರಡು ಜೊತೆ ಬಟ್ಟೆ ಹೊಲಿಬೇಕು ಅಕ್ಕ. ನನಗೇ. ವ್ಯಾಯಾಮಕ್ಕೆ.”

ಅಕ್ಕನ ಬಾಯಲ್ಲಿದ್ದ ಗುಂಡುಸೂಜಿ ಉದುರುವುದೊಂದು ಬಾಕಿ. “ಮೀನು ಮಾರೋರ ಮನೆಯವಳು ಮೀನು ಕೊಳ್ಳೋಕೆ ಬಂದ ಹಾಗಾಯ್ತು! ನಿನ್ನ ಗಂಡನ ಕೈಗೇನಾಯ್ತು?”

“ಅವರ ಕೈಗೆ ಏನೂ ಆಗಿಲ್ಲ. ನೀವು ಅಳತೆ ತೆಗೀರಿ. ಅಂಕಿ ಎಷ್ಟಿದ್ರೂ ಜೋರಾಗಿ ಹೇಳಿ.”

ಅಕ್ಕ ಮತ್ತೆ ಏನೂ ಕೇಳಲಿಲ್ಲ. ಎದೆಯ ಸುತ್ತ, ಸೊಂಟದ ಸುತ್ತ, ಹೊಟ್ಟೆಯ ಸುತ್ತ ಟೇಪು ಹರಿಯಿತು. ಒಂದೊಂದು ಅಂಕಿಯೂ ಬೀದಿಗೆ ಕೇಳುವ ಹಾಗೆ ಬಂತು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಉರಿಯಿತು... ಆದರೆ ಆ ಉರಿಯಲ್ಲಿ ಏನೋ ಒಂದು ತಣ್ಣಗೂ ಇತ್ತು. ಇದು ನಿಜ. ನಿಜದ ಮೇಲೆ ಕಾಲಿಟ್ಟು ನಿಲ್ಲಬಹುದು.

“ತಲೆ ಕೆಡಿಸ್ಕೋಬೇಡ, ನನ್ನ ಸೊಂಟಕ್ಕಿಂತ ಕಮ್ಮಿನೇ,” ಅಂದಳು ಅಕ್ಕ. “ಒಳಗೆ ಬಟ್ಟೆ ಎಷ್ಟು ಬಿಡ್ಲಿ? ಮುಂದೆ ಬಿಚ್ಚಿ ದೊಡ್ಡದು ಮಾಡೋಕೆ?”

“ಬಿಡಬೇಡಿ ಅಕ್ಕ. ಒಂದು ಎಳೆಯೂ ಬಿಡಬೇಡಿ.”

ಬೀದಿಯ ಈಚೆ, ಗಾಜಿನ ಹಿಂದೆ, ಅವನು ಕತ್ತರಿ ಹಿಡಿದು ನಿಂತಿದ್ದ. ತನ್ನ ಹೆಂಡತಿಯ ಸುತ್ತ ಬೇರೆಯವರ ಟೇಪು ಸುತ್ತುವುದನ್ನು ನೋಡುತ್ತ ನೋಡುತ್ತ ಕೈ ತಾನಾಗಿ ಓಡಿತು. ಗಿರಾಕಿಯ ಬೆಲೆಬಾಳುವ ಕೋಟಿನ ಬಟ್ಟೆ ಗೆರೆ ಬಿಟ್ಟು ಅಡ್ಡಡ್ಡ ಕತ್ತರಿಸಿಹೋಯಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನ ಕತ್ತರಿ ದಾರಿ ತಪ್ಪಿದ್ದು ಅದೇ ಮೊದಲು.

ಆಮೇಲೆ ಆ ಮನೆಯಲ್ಲಿ ಒಂಥರಾ ಶಾಂತಿ ನೆಲೆಸಿತು. ಯಾರಿಗೂ ಬೇಡವಾದ ಶಾಂತಿ.

ಅವಳು ಮೊದಲಿನಂತೆಯೇ ಅಂಗಡಿಯಲ್ಲಿ ಕೂತು ಕಾಜ ಮಾಡಿದಳು, ಗುಂಡಿ ಹಚ್ಚಿದಳು. ಜಗಳವಿಲ್ಲ. “ನನ್ನ ಬಟ್ಟೆ ಇನ್ನು ಮುಟ್ಟಬೇಡಿ,” ಅಂದಿದ್ದಳು, ಅಷ್ಟೇ. ಅವನು ಮುಟ್ಟಲಿಲ್ಲ. ಇಸ್ತ್ರಿಯನ್ನೂ ಅವಳೇ ಮಾಡಿಕೊಂಡಳು. ಉಳಿದ ಮಾತೆಲ್ಲ ಮಗಳ ಮೂಲಕ.

“ನೀಲಿ ದಾರ ಮುಗಿದಿದೆ ಅಂತ ನಿಮ್ಮಪ್ಪನಿಗೆ ಹೇಳು.”

“ಮೂರು ಅಡಿ ದೂರದಲ್ಲಿದ್ದಾರೆ ಅಮ್ಮ! ನಾನೇನು ಪೋಸ್ಟ್‌ಮ್ಯಾನಾ?”

“ತರ್ತೀನಿ ಅಂತ ನಿಮ್ಮಮ್ಮನಿಗೆ ಹೇಳು,” ಅಂದ ಅವನು.

ಮಗಳು ತಲೆ ಚಚ್ಚಿಕೊಂಡಳು. “ಇಬ್ಬರೂ ಸೇರಿ ನನ್ನನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತೀರಿ.”

ಬೆಳಕು ಹರಿಯುವಾಗ ಅವಳು ಎದುರಂಗಡಿಯ ಬಟ್ಟೆ ತೊಟ್ಟು ಹೊರಡುತ್ತಿದ್ದಳು. ಸುಳ್ಳಿಲ್ಲದ ಬಟ್ಟೆ. ಬಗ್ಗಿದರೂ ಬಿಗಿಯಲ್ಲ, ಓಡಿದರೂ ಜಾರಲ್ಲ. ಮೊದಮೊದಲು ಏರು ರಸ್ತೆಯ ಅರ್ಧಕ್ಕೇ ಏದುಸಿರು. ನಿಂತು, ಸುಧಾರಿಸಿಕೊಂಡು, ಮತ್ತೆ ಹೆಜ್ಜೆ. ಡಾಕ್ಟರಮ್ಮನನ್ನು ಕೇಳಿಕೊಂಡು, ಮನೆಗೆ ಬಂದಮೇಲೆ ನೀರು ತುಂಬಿದ ಬಾಟಲಿಗಳನ್ನು ಎತ್ತಿಳಿಸುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಬಿಸ್ಕತ್ತಿನ ಡಬ್ಬಿಯಲ್ಲಿ ಹುರಿದ ಕಾಳು. ಕಾಜ ಮಾಡುತ್ತ ಮಾಡುತ್ತ ಆಗಾಗ ಎದ್ದು ಕಡಿದಾದ ಮೆಟ್ಟಿಲು ಹತ್ತಿಳಿಯುವುದು.

“ಅಮ್ಮ, ಮೇಲೆ ಏನು ಮರೆತೆ?”

“ಏನೂ ಇಲ್ಲ, ಹತ್ತೋದನ್ನ ಮರೆತಿದ್ದೆ.”

ಮೈ ಸೋಲುತ್ತಿತ್ತು. ಕೆಲವು ದಿನ ಏನೂ ಇಳಿಯುತ್ತಿಲ್ಲವೆನ್ನಿಸಿ ಅಳು ಬರುತ್ತಿತ್ತು. ಈಗ ಅವಳು ನಲ್ಲಿ ಬಿಟ್ಟುಕೊಳ್ಳುತ್ತಿರಲಿಲ್ಲ. ಅಳು ಬಂದರೆ ಅತ್ತು, ಮೂಗು ಒರೆಸಿಕೊಂಡು, ಮಾರನೇ ದಿನ ನಡೆಯುತ್ತಿದ್ದಳು.

ಮೈಗೊಂದು ದಾರಿ ಸಿಕ್ಕಿತ್ತು. ಮನಸ್ಸಿಗೆ ಸಿಕ್ಕಿರಲಿಲ್ಲ. ‘ಅಸಹ್ಯನಾ ಅಂತ ಕೇಳಿದೆ. ಇಲ್ಲ ಅಂತ ಒಂದು ಮಾತು ಅನ್ನಲಿಲ್ಲವಲ್ಲ...’

ಒಂದು ದಿನ, ಸಡಿಲವಾದ ಎಲಾಸ್ಟಿಕ್ ಬಿಗಿ ಮಾಡಿಸಲು ಎದುರಂಗಡಿಗೆ ಹೋದಳು. ಎಲಾಸ್ಟಿಕ್ ಎಳೆದು ನೋಡುತ್ತ ಅಕ್ಕ ಕೇಳಿದಳು:

“ಅದು ಸರಿ, ನಿನ್ನ ಗಂಡನಿಗೆ ಒಳ್ಳೇ ಶೂ ಕೊಡಿಸಬಾರದಾ? ಪಾಪ, ಮದುವೆಗೆ ಹಾಕೋ ಚರ್ಮದ ಶೂ ಹಾಕ್ಕೊಂಡು ಏರು ಹತ್ತುತ್ತಾನೆ.”

“ಯಾವ ಏರು?”

“ಅಯ್ಯೋ, ಗೊತ್ತಿಲ್ವಾ? ದಿನಾ ಬೆಳಿಗ್ಗೆ ನೀನು ಮುಂದೆ, ಅವನು ಹಿಂದೆ. ಅಷ್ಟು ದೂರದಲ್ಲಿ, ಕಂಬ ಕಂಬದ ಮರೆ ಹಿಡ್ಕೊಂಡು! ನಾನು ಹಾಲಿಗೆ ಹೋಗುವಾಗ ನೋಡ್ತೀನಲ್ಲ. ಮೊದಲ ದಿನ ಕಳ್ಳನೇ ಅಂದ್ಕೊಂಡೆ. ಆಮೇಲೆ ಕೆಮ್ಮಿದ... ಓಹೋ, ನಮ್ಮ ಶತ್ರು!”

ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

ಮಾರನೇ ಬೆಳಿಗ್ಗೆ ಏರು ರಸ್ತೆಯ ತಿರುವು ದಾಟಿದವಳು ಮುಂದೆ ಹೋಗಲಿಲ್ಲ. ಗೋಡೆಯ ಮರೆಯಲ್ಲಿ ನಿಂತು ಕಾದಳು. ಟಕ್, ಟಕ್ ಎಂದು ಚರ್ಮದ ಶೂ ಸದ್ದು. ಜೊತೆಗೆ ಹಳೇ ಮೆಷಿನ್‌ನಂತೆ ಗೊರಗೊರ ಉಸಿರು. ಸದ್ದು ನಿಂತಿತು.

ಇಣುಕಿ ನೋಡಿದಳು. ರಸ್ತೆಬದಿಯ ಕಟ್ಟೆಯ ಮೇಲೆ ಅವನು ಕುಸಿದು ಕೂತಿದ್ದ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ದಿನವಿಡೀ ಕೂತೇ ದುಡಿಯುವ ಮನುಷ್ಯನಿಗೆ ಏರು ರಸ್ತೆ ಎಲ್ಲಿಂದ ಅಭ್ಯಾಸ?

“ಟೈಲರ್ರೇ.”

ಅವನು ಬೆಚ್ಚಿ ಎದ್ದು ನಿಲ್ಲಲು ನೋಡಿದ. ಕಾಲು ಬರಲಿಲ್ಲ.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಇಲ್ಲೇ ಪ್ರಾಣ ಬಿಟ್ರೆ ಹೊತ್ಕೊಂಡು ಹೋಗೋಕೆ ನನಗಿನ್ನೂ ಅಷ್ಟು ಶಕ್ತಿ ಬಂದಿಲ್ಲ. ಯಾಕ್ರೀ ಇದೆಲ್ಲ?”

“ಒಂದಿನ ಏರಲ್ಲಿ ತಲೆ ಸುತ್ತಿತು ಅಂತ ನೀನು ಮಗಳ ಹತ್ತಿರ ಹೇಳ್ತಿದ್ದೆ... ಕೇಳಿಸ್ತು. ಜೊತೆಗೆ ಬರ್ತೀನಿ ಅಂದ್ರೆ ನೀನು ಬೇಡ ಅಂತಿದ್ದೆ.”

“ಬೇಡ ಅಂತಿದ್ದೆ,” ಅವಳು ಒಪ್ಪಿಕೊಂಡಳು. ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು. “ಅವತ್ತು ನಾನೊಂದು ಮಾತು ಕೇಳಿದೆ. ಉತ್ತರ ಕೊಡಲಿಲ್ಲ ನೀವು.”

ಅವನು ತನ್ನ ಅಂಗೈ ನೋಡಿಕೊಂಡ. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಬಂದ ಗಂಟು.

“ಅಸಹ್ಯ ಅಲ್ಲ ಕಣೆ. ಆ ಪದ ಹೇಗೆ ಬಂತು ನಿನ್ನ ಬಾಯಲ್ಲಿ? ಭಯ... ಭಯ ಆಯ್ತು. ಆಪರೇಷನ್ ಆದ್ಮೇಲೆ ನರ್ಸು ಪಟ್ಟಿ ಬದಲಾಯಿಸುವಾಗ ನಿನ್ನ ಹೊಟ್ಟೆ ಮೇಲಿನ ಹೊಲಿಗೆ ನೋಡ್ದೆ. ಜೀವನಪೂರ್ತಿ ಹೊಲಿದವನು ನಾನು. ಹೊಲಿಗೆ ಅಂದ್ರೆ ಎಲ್ಲಿ ಎಳೆದ್ರೆ ಬಿಚ್ಚಿಕೊಳ್ಳುತ್ತೆ ಅಂತ್ಲೇ ಮೊದಲು ಕಾಣೋದು ನನಗೆ. ನಿನ್ನ ಪಕ್ಕ ಮಲಗಿದಾಗೆಲ್ಲ ಅದೇ. ನಿದ್ದೆಗಣ್ಣಲ್ಲಿ ಕೈ ತಾಗಿಬಿಟ್ರೆ... ಬಿಚ್ಚಿಕೊಂಡ್ರೆ...”

“ಅದು ಯಾವತ್ತೋ ಮಾಗಿದೆ ರೀ...”

“ಗೊತ್ತು. ಬುದ್ಧಿಗೆ ಗೊತ್ತು, ಕೈಗೆ ಗೊತ್ತಾಗಲಿಲ್ಲ. ಆಮೇಲೆ ನೀನು ಅತ್ತೆ. ಟೇಪು ಹಿಡಿದ್ರೆ ಅಂಕಿ ಹೇಳಬೇಕು. ಮಾತು ಕೊಟ್ಟಿದ್ದೆ. ಹೇಳಿದ್ರೆ ನೀನು ಮತ್ತೆ ಒಳಗೆ ಹೋಗಿ ನಲ್ಲಿ ಬಿಟ್ಕೊಳ್ತೀಯ. ಅದಕ್ಕೆ ಟೇಪನ್ನೇ ಮುಟ್ಟಲಿಲ್ಲ. ಹೊಲಿಗೆ ಬಿಚ್ಚೋದು, ಮತ್ತೆ ಹಾಕೋದು... ದುಃಖಕ್ಕೆ ಏನು ಮಾಡಬೇಕು ಅಂತ ನನಗೆ ಬೇರೆ ಏನೂ ಗೊತ್ತಿರಲಿಲ್ಲ ಮೇಡಂ.”

ಎಷ್ಟೋ ದಿನದ ಮೇಲೆ ಆ ‘ಮೇಡಂ’. ಅವಳ ಕಣ್ಣಲ್ಲಿ ನೀರು ನಿಂತಿತು. ಆದರೆ ಅವಳು ಅಷ್ಟಕ್ಕೇ ಕರಗಿಹೋಗಲಿಲ್ಲ.

“ನೀವು ಮಾಡಿದ್ದು ತಪ್ಪು ರೀ. ಪ್ರೀತಿಯಿಂದ ಮಾಡಿದ್ದು, ಆದ್ರೂ ತಪ್ಪು. ನಿಮ್ಮ ದೊಡ್ಡ ಪ್ಯಾಂಟು ನಂಬ್ಕೊಂಡು ನಾನು ನಡೆಯೋದು ಬಿಟ್ಟೆ. ಸಕ್ಕರೆ ಗೆರೆ ಹತ್ತಿರ ಬಂತು. ನಾಳೆ ಕಣ್ಣು ಹೋಗಿದ್ರೆ? ಕಾಜ ಮಾಡೋಕೆ ಯಾರು ಬರ್ತಿದ್ರು?”

“ಹೂಂ.”

“ನಾನು ಅಳೋದು ಕೇಳಿಸಿದಾಗ ಬಾಗಿಲು ತಟ್ಟಬೇಕಿತ್ತು.”

ಅವನ ಕಣ್ಣಿಂದ ಬಿದ್ದ ಹನಿ ಚರ್ಮದ ಶೂ ಮೇಲೆ ಜಾರಿತು.

“ತಟ್ಟಬೇಕಿತ್ತು.”

ಅವಳು ಕಟ್ಟೆಯ ಮೇಲೆ ಸರಿದು ಅವನ ಪಕ್ಕಕ್ಕೆ ಬಂದಳು. ಅವನ ಕೈ ಹಿಡಿದು, ತನ್ನ ಹೊಟ್ಟೆಯ ಮೇಲೆ, ಗಾಯ ಇದ್ದ ಕಡೆ ಇಟ್ಟಳು. ಮೊದಲು ಆ ಕೈ ಮರಗಟ್ಟಿ ಹೋಗಿತ್ತು. ಆಮೇಲೆ ನಿಧಾನವಾಗಿ, ಒಂದೊಂದೇ ಬೆರಳು, ನೆಮ್ಮದಿಯಾಗಿ ಕೂತಿತು.

“ಬಿಚ್ಚಿಕೊಳ್ತಾ?”

“ಇಲ್ಲ...”

“ಮೆತ್ತಗಿದೆ ಅಲ್ವಾ? ಮೊದಲಿಗಿಂತ ಜಾಸ್ತಿ ಇದೆ. ಇದು ಪೂರ್ತಿ ಹೋಗಲ್ಲ ಅನ್ಸುತ್ತೆ ರೀ. ಹಳೇ ಅಳತೆ ಇನ್ನು ವಾಪಸ್ ಬರಲ್ಲ.”

“ನನಗೆ ಹಳೇ ಅಳತೆ ಬೇಡ,” ಅಂದ ಅವನು. “ನೀನು ಬೇಕು. ಆಸ್ಪತ್ರೇಲಿ ಆ ಆಪರೇಷನ್ ಕೋಣೆ ಬಾಗಿಲು ಮುಚ್ಚಿದಾಗಿಂದ ನನಗೆ ಬೇಕಾಗಿದ್ದು ಅದೊಂದೇ.”

ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು. ಬೆಳಕು ಪೂರ್ತಿ ಹರಿದಿತ್ತು. ಹಾಲಿನ ಪಾತ್ರೆ ಹಿಡಿದು ಆ ಕಡೆಯಿಂದ ಬಂದ ಎದುರಂಗಡಿ ಅಕ್ಕ ಇಬ್ಬರನ್ನೂ ನೋಡಿ, ನೋಡದವಳ ಹಾಗೆ ಆಕಾಶ ನೋಡುತ್ತ ಹೋಗಿ, ಹತ್ತು ಹೆಜ್ಜೆ ದಾಟಿದ ಮೇಲೆ ಜೋರಾಗಿ ಅಂದಳು:

“ಶೂ ಕೊಡ್ಸೇ!”

ಮೂರು ತಿಂಗಳು ಮುಗಿದಾಗ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ನರ್ಸು ತೂಕದ ಅಂಕಿ ಹೇಳಿದಳು. ಸ್ವಲ್ಪ ಇಳಿದಿತ್ತು. ಅವಳು ಆಸೆಪಟ್ಟಷ್ಟಲ್ಲ.

ಡಾಕ್ಟರಮ್ಮ ವರದಿ ತಿರುವಿ ಹಾಕುವಷ್ಟು ಹೊತ್ತೂ ಅವನು ಉಸಿರು ಬಿಡಲಿಲ್ಲ.

“ಸಕ್ಕರೆ ಇಳಿದಿದೆ. ಸದ್ಯಕ್ಕೆ ಮಾತ್ರೆ ಬೇಡ. ತೂಕದ ಹಿಂದೆ ತೀರಾ ಬೀಳಬೇಡಿ. ಕಾಲಲ್ಲಿ ಶಕ್ತಿ ಬಂದಿದೆ, ನಿದ್ದೆ ಬರ್ತಿದೆ ಅಂತೀರಿ, ಅದೇ ದೊಡ್ಡದು. ನಿಲ್ಲಿಸದೆ ಹೀಗೇ ಮುಂದುವರಿಸಿ.” ಆಮೇಲೆ ಅವನ ಕಡೆ ತಿರುಗಿದರು. “ನೀವು ಬನ್ನಿ, ತೂಕದ ಯಂತ್ರ ಹತ್ತಿ.”

“ನಾನಾ? ನನಗೇನಾಗಿದೆ?”

ಯಂತ್ರ ದೊಡ್ಡ ಅಂಕಿಯನ್ನೇ ಹೇಳಿತು. ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೆಂಡತಿ ಕೈ ಅಡ್ಡ ಹಿಡಿಯಲಿಲ್ಲ, ಮನಸಾರೆ ನಕ್ಕಳು!

ಹೊರಗೆ ಬಂದಾಗ ಸಂಜೆಯ ಬಿಸಿಲು ಬೀದಿಗೆ ಓರೆಯಾಗಿ ಬಿದ್ದಿತ್ತು.

“ಬಸ್ಸಾ, ನಡಿಗೆನಾ?” ಅಂದಳು.

“ನಡಿಗೆ. ನಿಧಾನಕ್ಕೆ ಆದ್ರೆ.”

ಸ್ವಲ್ಪ ದೂರ ನಡೆದರು. ಅವಳು ಸೊಂಟದ ಹತ್ತಿರ ಪ್ಯಾಂಟನ್ನು ಮೇಲೆಳೆದುಕೊಂಡಳು.

“ಇದು ಸಡಿಲ ಆಗ್ತಿದೆ ರೀ.”

“ಎದುರಂಗಡಿಗೆ ಕೊಟ್ಟು ಬಿಗಿ ಮಾಡಿಸ್ಕೊ. ಚೆನ್ನಾಗಿ ಹೊಲಿತಾಳೆ, ಸುಳ್ಳು ಹೇಳಬಾರದು.”

“ಯಾಕೆ? ನಿಮಗೆ ಬರಲ್ವಾ?”

“ಹೊಲಿಯೋಕೆ ಬರುತ್ತೆ...” ಅವನು ನಿಂತ. “ನಿನಗೆ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಬರಲಿಲ್ಲ ಮೇಡಂ.”

ಅವಳು ಇಲ್ಲ ಅನ್ನಲಿಲ್ಲ. ಅವನ ಕೈಯನ್ನು ಹಿಡಿದುಕೊಂಡಳು, ಬೀದಿ ತುಂಬ ಜನ ಓಡಾಡುತ್ತಿದ್ದರೂ.

“ನಡೀರಿ ಟೈಲರ್ರೇ. ಕತ್ತಲಾಗುತ್ತೆ.”

ಯಾವ ಧ್ವನಿ ಎಂದು ಅವನಿಗೆ ತಿಳಿಯಿತು.

ಅಳತೆಯ ವಿಷಯದಲ್ಲಿ ಯಾವತ್ತೂ ಸುಳ್ಳು ಹೇಳುವುದಿಲ್ಲವೆಂದು ಅವನು ಕೊಟ್ಟಿದ್ದ ಮಾತು ಮುರಿದಿತ್ತು. ಹೊಸದೊಂದು ಮಾತು ಕೊಡಿ ಎಂದು ಅವಳು ಕೇಳಲಿಲ್ಲ.